ಭಾಗವತರ ಚಾನೆಲ್‌ನಲ್ಲಿ ಮದ್ದಳೆ

ಮೊನ್ನೆ ಭಾನುವಾರ ರಾತ್ರಿ ಹನ್ನೊಂದೂವರೆಗೆ ಕೊನೆಯ ಅಳತೆ ಬರೆದುಕೊಂಡೆ. ನನ್ನ ರೆಕಾರ್ಡಿಂಗ್ ಡಬ್ಬಿಯಲ್ಲಿ ಒಂದೊಂದು ಮೈಕಿಗೆ ಒಂದೊಂದು ಚಾನೆಲ್. ಮದ್ದಳೆಯ ಮೂರನೇ ಚಾನೆಲ್‌ನಿಂದ ಭಾಗವತರ ನಾಲ್ಕನೇ ಚಾನೆಲ್‌ಗೆ ಸೋರುತ್ತಿದ್ದ ಸದ್ದು −96 ಡೆಸಿಬಲ್. ಈ ಅಂಕಿ ಸೊನ್ನೆಯಿಂದ ಕೆಳಗೆ ಹೋದಷ್ಟೂ ಸೋರಿಕೆ ಕಡಿಮೆ. ಆಗಸ್ಟ್‌ನಲ್ಲಿ ಅದೇ ಡಬ್ಬಿ, ಅಳೆಯಲು ಕೊಟ್ಟ ಅದೇ ಟೋನ್ (ಒಂದೇ ಸಮನೆಯ ಸ್ವರ), ಆದರೆ ನೋಟ್‌ಬುಕ್ಕಿನಲ್ಲಿ ಬರೆದದ್ದು −47. ತೊಂದರೆ ಕಂಡದ್ದು ಜೂನ್ ಕೊನೆಗೆ. ಸರಿಹೋಗುವಾಗ ಸೆಪ್ಟೆಂಬರ್ ಮುಗಿಯುತ್ತಾ ಬಂತು. ನಮ್ಮ ಕಡೆ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ), ಸಂಗೀತ ಬೈಠಕ್ ಅಂತ ನಾಲ್ಕಾರು ಮೈಕ್ ಇಟ್ಟು ರೆಕಾರ್ಡ್ ಮಾಡುವವರು ಈಗ ಸುಮಾರು ಜನ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಈ ಮೂರು ತಿಂಗಳು ಉಳಿಯಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಶಿರಸಿಯವನು. ಹೊಟ್ಟೆಪಾಡಿನ ಕೆಲಸ ಬೇರೆ. ಮಳೆಗಾಲದಲ್ಲಿ ಸುತ್ತಲಿನ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ನಡೆಯುವ ತಾಳಮದ್ದಳೆಗಳನ್ನು ರೆಕಾರ್ಡ್ ಮಾಡಿಡುವುದನ್ನು ಏಳು ವರ್ಷದಿಂದ ಹಚ್ಚಿಕೊಂಡಿದ್ದೇನೆ. ಎಂಟು ಚಾನೆಲ್‌ನ ಒಂದು ಆಡಿಯೋ ಇಂಟರ್‌ಫೇಸ್ ಇದೆ. ಒಂದನೆಯದರಲ್ಲಿ ಚಂಡೆ, ಎರಡರಲ್ಲಿ ಶ್ರುತಿಗೆ ಹಾರ್ಮೋನಿಯಂ, ಮೂರರಲ್ಲಿ ಮದ್ದಳೆ, ನಾಲ್ಕರಲ್ಲಿ ಪದ್ಯ ಹಾಡುವ ಭಾಗವತರು, ಉಳಿದ ನಾಲ್ಕರಲ್ಲಿ ಪಾತ್ರಗಳ ಮಾತಾಡುವ ಅರ್ಥಧಾರಿಗಳು. ಪ್ರತಿಯೊಂದು ಮೈಕಿನ ಸಣ್ಣ ವೋಲ್ಟೇಜನ್ನು ಒಳಗಿನ ಪ್ರೀಆಂಪ್ ದೊಡ್ಡದು ಮಾಡುತ್ತದೆ. ಆಮೇಲೆ ಎಡಿಸಿ ಅನ್ನುವ ಚಿಪ್ ಅದನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿ ಮಾಡಿ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ಎಂಟೂ ಬೇರೆ ಬೇರೆ ಬಂದರೆ ಮನೆಗೆ ಬಂದು ಕೂತು ಭಾಗವತರ ಪದ್ಯವನ್ನು ಸ್ವಲ್ಪ ಎತ್ತಬಹುದು, ಚಂಡೆಯನ್ನು ಇಳಿಸಬಹುದು, ಮಧ್ಯದಲ್ಲಿ ಬಂದ ಕೆಮ್ಮು ತೆಗೆಯಬಹುದು. ಒಂದರ ಸದ್ದು ಇನ್ನೊಂದರಲ್ಲಿ ಸೇರಿಕೊಂಡರೆ ಇದು ಯಾವುದೂ ಆಗುವುದಿಲ್ಲ. ಅದಕ್ಕೇ ಕ್ರಾಸ್‌ಟಾಕ್ ಅನ್ನುವುದು.

ಜೂನ್ ಕೊನೆಯ ವಾರ, ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ದೂರದ ಒಂದು ಮನೆಯ ಜಗಲಿ. ಹೊರಗೆ ಮಳೆ ಸುರಿಯುತ್ತಿತ್ತು. ಅರ್ಧಕ್ಕೆ ಬಿಡುವು ಕೊಟ್ಟಾಗ ಭಾಗವತರು ಕಷಾಯಕ್ಕೆ ಅಂತ ಎದ್ದರು. ಅವರ ಕಾಲಿಗೆ ಕೇಬಲ್ ಸಿಕ್ಕಿ ಮೈಕಿನ ವೈರ್ ಸ್ಟೇಜ್ ಬಾಕ್ಸಿನಿಂದ (ಎಲ್ಲ ಮೈಕಿನ ವೈರ್ ಸಿಕ್ಕಿಸುವ ಪೆಟ್ಟಿಗೆ) ಕಳಚಿ ಬಿತ್ತು. ರೆಕಾರ್ಡಿಂಗ್ ನಡೆಯುತ್ತಲೇ ಇತ್ತು. ಮದ್ದಳೆಯವರೂ ಚಂಡೆಯವರೂ ಆಗ ಶ್ರುತಿ ಸರಿ ಮಾಡಿಕೊಳ್ಳುತ್ತಿದ್ದರು. ನಾನು ವೈರ್ ಮತ್ತೆ ಸಿಕ್ಕಿಸಲು ಎರಡು ನಿಮಿಷ ಆಯಿತು.

ಮರುದಿನ ಹೆಡ್‌ಫೋನ್ ಹಾಕಿ ಆ ಎರಡು ನಿಮಿಷ ಕೇಳಿದಾಗ ಕೈ ನಿಂತುಹೋಯಿತು. ನಾಲ್ಕನೇ ಚಾನೆಲ್‌ಗೆ ಮೈಕೇ ಇಲ್ಲ. ಆದರೂ ಮದ್ದಳೆ ಕೇಳುತ್ತಿದೆ. ಗೋಡೆಯ ಆಚೆ ಯಾರೋ ಬಾರಿಸಿದ ಹಾಗೆ ‘ಧೀಂ’ ಮಾತ್ರ ಇದೆ, ಬೆರಳಿನ ಪೆಟ್ಟಿನ ಮೊನೆ ಇಲ್ಲ. ಇನ್ನೂ ಕಿವಿಗೊಟ್ಟರೆ ಅದರ ಮೇಲೆ ತೆಳ್ಳಗೆ ಚಂಡೆಕೋಲಿನ ‘ಚಿಟ್ ಚಿಟ್’. ಎರಡನ್ನೂ ಒಂದೇ ರೋಗ ಅಂದುಕೊಂಡೆ. ಎರಡೂ ಬೇರೆ ಬೇರೆ ಅಂತ ಗೊತ್ತಾಗಲು ಆಗಸ್ಟ್ ಬಂತು.

ಭಾಗವತರು ಹಿಂದಿನ ವರ್ಷವೇ ಹೇಳಿದ್ದರು. ಅವರಿಗೆ ಎಪ್ಪತ್ತು ದಾಟಿದೆ, ಕಿವಿ ಮಾತ್ರ ಚುರುಕು. ರೆಕಾರ್ಡಿಂಗ್ ಕೇಳಿಸಿದಾಗ, “ತಮಾ, ನನ್ನ ಪದ್ಯದ ಹಿಂದೆ ಎಂತದೋ ಗುಡುಗಿದ ಹಾಂಗೆ ಕೇಳ್ತು ನೋಡು” ಅಂದಿದ್ದರು. ಮದ್ದಳೆ ಪಕ್ಕದಲ್ಲೇ ಇರುತ್ತದಲ್ಲ ಮಾವ, ನಿಮ್ಮ ಮೈಕಿಗೆ ಬೀಳುತ್ತದೆ ಅಂತ ನಾನು ಸಮಾಧಾನ ಹೇಳಿದ್ದೆ. ಅವರು ಹೇಳಿದ್ದನ್ನು ಆಗಲೇ ಗಂಭೀರವಾಗಿ ತಗೊಳ್ಳಬೇಕಿತ್ತು.

ಗಾಳಿಯಲ್ಲಿ ಹೋಗಿ ಪಕ್ಕದ ಮೈಕಿಗೆ ಬೀಳುವ ಸದ್ದು ಬೇರೆ, ವೈರ್ ಅಥವಾ ಡಬ್ಬಿಯ ಒಳಗೆ ಸೋರುವ ಸದ್ದು ಬೇರೆ. ಮೊದಲು ಇವೆರಡನ್ನು ಬಿಡಿಸಬೇಕು. ಅದಕ್ಕೆ ಯಾವ ಉಪಕರಣವೂ ಬೇಡ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ ಒಂದು ಮೀಟರ್‌ಗೆ ಹೆಚ್ಚುಕಡಿಮೆ 3 ಮಿಲಿಸೆಕೆಂಡ್. 48,000ದ ಲೆಕ್ಕದಲ್ಲಿ ಅದು ಸುಮಾರು 140 ಸ್ಯಾಂಪಲ್, ಅಂದರೆ ಎಡಿಸಿಯ 140 ಅಳತೆ. ವೈರಿನಲ್ಲಿ ಸೋರುವುದಕ್ಕೆ ಹೊತ್ತೇ ಬೇಡ. ಮೈಕ್ ಸರಿಯಾಗಿದ್ದ ಹೊತ್ತಿನ ಒಂದು ಪೆಟ್ಟನ್ನು ಆರಿಸಿಕೊಂಡು, ಮೂರನೇ ಮತ್ತು ನಾಲ್ಕನೇ ಚಾನೆಲ್‌ನ ಅಲೆಗಳನ್ನು ಒಂದರ ಕೆಳಗೊಂದು ಇಟ್ಟು, ಒಂದೊಂದು ಸ್ಯಾಂಪಲ್ ಚುಕ್ಕಿಯಾಗಿ ಕಾಣುವವರೆಗೂ ಹಿಗ್ಗಿಸಿದೆ. ನಾಲ್ಕರಲ್ಲಿ ಒಂದೇ ಪೆಟ್ಟಿಗೆ ಎರಡು ಉಬ್ಬು ಕಂಡವು. ದೊಡ್ಡದು ಸುಮಾರು 150 ಸ್ಯಾಂಪಲ್ ತಡವಾಗಿ ಬಂದಿತ್ತು, ಅದು ಗಾಳಿಯಲ್ಲಿ ಬಂದದ್ದು. ಅದಕ್ಕಿಂತ ಮೊದಲು ಒಂದು ಸಣ್ಣ ಉಬ್ಬು, ಮೂರನೇ ಚಾನೆಲ್‌ನ ಪೆಟ್ಟು ಎಲ್ಲಿ ಶುರುವಾಗುತ್ತದೋ ಅದೇ ಗೆರೆಯಲ್ಲಿ ಎದ್ದಿತ್ತು. ಮೀಟರ್ ದೂರದ ಮೈಕಿಗೆ ಅದೇ ಕ್ಷಣದಲ್ಲಿ ಯಾವ ಸದ್ದೂ ತಲುಪಲು ಸಾಧ್ಯವಿಲ್ಲ.

ಆಮೇಲೆ ಸಾಫ್ಟ್‌ವೇರ್ ನೋಡಿದೆ. ಇದನ್ನು ಎಲ್ಲರೂ ಮೊದಲೇ ನೋಡಿಬಿಡಿ, ಹತ್ತು ನಿಮಿಷದ ಕೆಲಸ. ಇಂಟರ್‌ಫೇಸ್ ಜೊತೆ ಬರುವ ಮಿಕ್ಸರ್ ಪ್ರೋಗ್ರಾಂನಲ್ಲಿ ಲೂಪ್‌ಬ್ಯಾಕ್ ಅಂತ ಒಂದು ಇರುತ್ತದೆ. ಅದು ಆನ್ ಆಗಿದ್ದರೆ ಹೆಡ್‌ಫೋನಿಗೆ ಹೋಗುವ ಮಿಶ್ರಣವೇ ತಿರುಗಿ ರೆಕಾರ್ಡ್ ಆಗುತ್ತದೆ. ಎರಡು ಚಾನೆಲ್‌ಗಳನ್ನು ಸ್ಟೀರಿಯೋ ಜೋಡಿ ಮಾಡಿಟ್ಟಿದ್ದರೂ ಹೀಗೇ ಆಗಬಹುದು. ನನ್ನದರಲ್ಲಿ ಎರಡೂ ಇರಲಿಲ್ಲ. ಬೇರೆ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ, ಅಲ್ಲೂ ಅದೇ.

ಇಲ್ಲಿ ನಿಂತು ಸರಿಯಾಗಿ ಅಳತೆ ಮಾಡಬೇಕಿತ್ತು. ಆದರೆ ಮುಂದಿನ ಶನಿವಾರವೇ ಇನ್ನೊಂದು ಕಾರ್ಯಕ್ರಮ. ಗಾಬರಿಯಲ್ಲಿ ಡಬ್ಬಿ ಕೆಟ್ಟಿದೆ ಅಂತ ನಿಶ್ಚಯ ಮಾಡಿ ಬೆಂಗಳೂರಿನ ಒಂದು ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ತಗೊಂಡು ನಾಲ್ಕು ವರ್ಷ ಆಗಿತ್ತು, ವಾರಂಟಿ ಮುಗಿದಿತ್ತು. ಪರೀಕ್ಷೆಯ ಶುಲ್ಕ 1,000 ರೂಪಾಯಿ, ಜಿಎಸ್‌ಟಿ ಸೇರಿ 1,180, ಅದು ಮುಂಗಡ. ವಾರಂಟಿ ಇಲ್ಲದಿದ್ದರೂ ಖರೀದಿ ಬಿಲ್ಲು ಬೇಕು, ಸೀರಿಯಲ್ ನಂಬರಿನ ಫೋಟೋ ಬೇಕು ಅಂದರು. ಬಿಲ್ಲು ಹುಡುಕಲು ಒಂದು ಸಂಜೆ ಹೋಯಿತು. ಥರ್ಮಲ್ ಪೇಪರಿನ ಅಕ್ಷರ ಮಾಸಿಹೋಗಿತ್ತು, ಪುಣ್ಯಕ್ಕೆ ಮೊಬೈಲಿನಲ್ಲಿ ಒಂದು ಫೋಟೋ ಇತ್ತು. ನೀವು ಏನೇ ತಗೊಂಡರೂ ಬಿಲ್ಲನ್ನು ಅವತ್ತೇ ಫೋಟೋ ತೆಗೆದಿಡಿ.

ಕೊರಿಯರ್‌ನವರು ಇನ್ನೊಂದು ಕಾಗದ ಕೇಳಿದರು. ಇದು ಮಾರಾಟದ ಸಾಮಾನಲ್ಲ, ರಿಪೇರಿಗೆ ಕಳಿಸುವ ನನ್ನ ಸ್ವಂತದ ವಸ್ತು, ಅಂದಾಜು ಬೆಲೆ ಇಷ್ಟು ಅಂತ ಸಹಿ ಮಾಡಿದ ಪತ್ರ. ಅದು ಗೊತ್ತಿಲ್ಲದೆ ಮನೆಗೆ ವಾಪಸ್ ಬಂದು, ಬರೆದು, ಮತ್ತೆ ಹೋದೆ. ಮಳೆಗಾಲ ಆದ್ದರಿಂದ ಡಬ್ಬಿಯನ್ನು ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಅದರ ಮೇಲೆ ಥರ್ಮಾಕೋಲ್, ಅದರ ಮೇಲೆ ರಟ್ಟು. ಕಳಿಸಲು 620 ರೂಪಾಯಿ.

ಇಪ್ಪತ್ತಾರು ದಿನ ಆಯಿತು. ಮೊದಲ ವಾರ ‘ಕ್ಯೂನಲ್ಲಿದೆ’, ಎರಡನೇ ವಾರ ‘ಎಂಜಿನಿಯರ್ ರಜೆ’, ಮೂರನೇ ವಾರ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಮೂರು ತಾಳಮದ್ದಳೆ ಕೈತಪ್ಪಿ ಹೋದವು. ಒಂದಕ್ಕೆ ಮೊಬೈಲ್ ಹಿಡಿದು ಹೋಗಿ ಕೂತೆ. ಅವತ್ತು ನಮ್ಮ ಭಾಗವತರ ಕಂಠ ಬಹಳ ಚೆನ್ನಾಗಿತ್ತು. ಶೋಕದ ಒಂದು ಪದ್ಯಕ್ಕೆ ಜಗಲಿಯಲ್ಲಿ ಒಬ್ಬರೂ ಅಲುಗಾಡಲಿಲ್ಲ. ಹಂಚಿನ ಮೇಲಿನ ಮಳೆಯ ಸದ್ದೂ ಪಕ್ಕದವರ ಉಸಿರೂ ಎಲ್ಲ ಸೇರಿಕೊಂಡ ಆ ಮೊಬೈಲ್ ರೆಕಾರ್ಡಿಂಗ್ ಮಾತ್ರ ಈಗ ಉಳಿದಿದೆ. ಕಳೆದ ದುಡ್ಡಿಗಿಂತ ನನಗೆ ಜಾಸ್ತಿ ನೋವಾದದ್ದು ಅದು.

ಇಪ್ಪತ್ತೇಳನೇ ದಿನ ಬಂದ ವರದಿಯಲ್ಲಿ ಒಂದೇ ಸಾಲು. ಎಲ್ಲ ಚಾನೆಲ್ ಸರಿಯಾಗಿ ಕೆಲಸ ಮಾಡುತ್ತಿವೆ, ದೋಷ ಕಂಡುಬಂದಿಲ್ಲ. ಹೇಗೆ ನೋಡಿದಿರಿ ಅಂತ ಕೇಳಿದೆ. ಒಂದೊಂದೇ ಚಾನೆಲ್‌ಗೆ ಮೈಕ್ ಹಾಕಿ ಮಾತಾಡಿ, ಆ ಚಾನೆಲ್‌ನಲ್ಲಿ ಸದ್ದು ಬಂತಾ ಅಂತ ನೋಡಿದ್ದಾರೆ. ಪಕ್ಕದ ಚಾನೆಲ್‌ನಲ್ಲಿ ಏನು ಬಂತು ಅಂತ ಯಾರೂ ನೋಡಿಲ್ಲ. ನಾನು ಕಳಿಸಿದ ಚೀಟಿಯಲ್ಲೂ ‘ಸದ್ದು ಮಿಕ್ಸ್ ಆಗುತ್ತದೆ’ ಅಂತ ಮಾತ್ರ ಬರೆದಿದ್ದೆ. ಅಂಕಿ ಇರಲಿಲ್ಲ. ವಾಪಸ್ ತರಿಸಲು ಇನ್ನೊಂದು 550 ರೂಪಾಯಿ.

ಆಗಸ್ಟ್ ಮೊದಲ ವಾರ ನಾನೇ ಅಳತೆಗೆ ಕೂತೆ. ಈ ಭಾಗ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ, ನಿಮಗೆ ಉಪಯೋಗ ಆಗುವುದು ಇದೇ.

ಮೊದಲನೆಯದು, ಖಾಲಿ ಬಿಟ್ಟ ಇನ್‌ಪುಟ್ ಇಟ್ಟುಕೊಂಡು ಅಳೆಯಬಾರದು. ಏನೂ ಸಿಕ್ಕಿಸದ ಇನ್‌ಪುಟ್ ಗಾಳಿಯಲ್ಲಿ ತೂಗುವ ಆಂಟೆನಾ ಇದ್ದ ಹಾಗೆ, ಅಕ್ಕಪಕ್ಕದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಜೂನ್‌ನಲ್ಲಿ ಕೇಳಿದ್ದರಲ್ಲಿ ಸ್ವಲ್ಪ ಭಾಗ ಹಾಗೆ ಬಂದದ್ದೂ ಇರಬಹುದು. ಮೈಕ್ ಇದ್ದಾಗಿನ ಸ್ಥಿತಿ ಬೇಕು ಅಂದರೆ ಒಂದು ಖಾಲಿ ಎಕ್ಸ್‌ಎಲ್‌ಆರ್ (ಮೈಕಿಗೆ ಬಳಸುವ ಮೂರು ಪಿನ್ನಿನ) ಪ್ಲಗ್ಗಿನ ಎರಡನೇ ಮತ್ತು ಮೂರನೇ ಪಿನ್ ನಡುವೆ 150 ಓಮ್ ರೆಸಿಸ್ಟರ್ ಬೆಸುಗೆ ಹಾಕಿ ಅದನ್ನು ಸಿಕ್ಕಿಸಬೇಕು. ಮೈಕ್ ಒಳಗಿನ ಪ್ರತಿರೋಧವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಳೇ ಬಸ್ ಸ್ಟ್ಯಾಂಡ್ ಕಡೆಯ ರೇಡಿಯೋ ಅಂಗಡಿಯಲ್ಲಿ ರೆಸಿಸ್ಟರ್ ಕೇಳಿದರೆ ಎರಡು ರೂಪಾಯಿಗೆ ಎರಡು ಕೊಟ್ಟರು.

ಎರಡನೆಯದು, ಟೋನ್ ಕೊಡುವ ಸಾಧನ ಬೇರೆಯೇ ಇರಲಿ, ಅದು ಬ್ಯಾಟರಿಯಲ್ಲೇ ಓಡಲಿ. ಇಂಟರ್‌ಫೇಸಿನ ಹೆಡ್‌ಫೋನ್ ಔಟ್‌ಪುಟ್ಟಿನಿಂದಲೇ ಟೋನ್ ತೆಗೆದರೆ ಸೋರಿಕೆ ಔಟ್‌ಪುಟ್ಟಿನಿಂದ ಬಂತೋ ಪಕ್ಕದ ಚಾನೆಲ್‌ನಿಂದ ಬಂತೋ ಗೊತ್ತಾಗುವುದಿಲ್ಲ. ನಾನು ಹಳೆಯ ಮೊಬೈಲ್ ಬಳಸಿದೆ. ಆಡಾಸಿಟಿ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಟೋನ್ ಮಾಡಿಕೊಂಡು ಮೊಬೈಲಿಗೆ ಹಾಕಿಕೊಂಡೆ. ಸಿಕ್ಕಿಸುವ ಮೊದಲು ಇಂಟರ್‌ಫೇಸ್ ಮೈಕಿಗೆ ಕಳಿಸುವ 48 ವೋಲ್ಟಿನ ಫ್ಯಾಂಟಮ್ ಪವರ್ ಆಫ್ ಮಾಡಿ, ದಯವಿಟ್ಟು ಮರೆಯಬೇಡಿ. ಇಲ್ಲದಿದ್ದರೆ ಮೊಬೈಲ್ ಸುಟ್ಟುಹೋಗಬಹುದು.

ಮೂರನೆಯದು, ಒಂದೇ ಟೋನಿನಲ್ಲಿ ನಿಲ್ಲಿಸಬೇಡಿ. ಕೆಳಗಿನದೊಂದು, ನಡುವಿನದೊಂದು, ಮೇಲಿನದೊಂದು ಬೇಕು. ಕೆಳಗಿನದಕ್ಕೆ 100 ಹರ್ಟ್ಜ್ ಬೇಡ. ನಮ್ಮ ಕರೆಂಟ್ 50 ಹರ್ಟ್ಜಿನದು, ಅದರ ಗುಂಯ್‌ಗುಡುವಿಕೆ 100, 150ರಲ್ಲೂ ಬಂದು ಸೇರುತ್ತದೆ. ನಾನು 120, 1,000 ಮತ್ತು 8,000 ಹರ್ಟ್ಜ್ ಆರಿಸಿಕೊಂಡೆ. ಟೋನ್ ಕೊಟ್ಟ ಚಾನೆಲ್ ಪೂರ್ತಿ ಮಟ್ಟದ ಹತ್ತಿರ ಬರುವ ಹಾಗೆ ಗೇನ್ (ಪ್ರೀಆಂಪ್ ಎಷ್ಟು ದೊಡ್ಡದು ಮಾಡಬೇಕು ಅನ್ನುವುದು) ಇಟ್ಟು, ಒಂದು ನಿಮಿಷ ರೆಕಾರ್ಡ್ ಮಾಡಿ, ಪಕ್ಕದ ಚಾನೆಲ್‌ನ ಸ್ಪೆಕ್ಟ್ರಮ್ (ಯಾವ ಹರ್ಟ್ಜಿನಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ ಚಿತ್ರ) ತೆಗೆದು, ಅದೇ ಹರ್ಟ್ಜಿನಲ್ಲಿ ಏಳುವ ಮೊನೆ ಎಷ್ಟು ಎತ್ತರ ಅಂತ ನೋಡುವುದು. ಎರಡರ ನಡುವಿನ ಅಂತರವೇ ಕ್ರಾಸ್‌ಟಾಕ್. 20 ಡೆಸಿಬಲ್ ಕೆಳಗೆ ಅಂದರೆ ವೋಲ್ಟೇಜಿನ ಹತ್ತನೇ ಒಂದು ಪಾಲು, 60 ಅಂದರೆ ಸಾವಿರದ ಒಂದು ಪಾಲು.

ಎಂಟು ಚಾನೆಲ್, ಮೂರು ಟೋನ್, ಎಲ್ಲ ಜೋಡಿಗಳು. ಎರಡು ರಾತ್ರಿ ಹಿಡಿಯಿತು. ಮಧ್ಯೆ ಎರಡು ಸಲ ಕರೆಂಟ್ ಹೋಯಿತು. ಮೊದಲ ರಾತ್ರಿ ಎಂದಿನ ಹಾಗೆ ಇಪ್ಪತ್ತು ಮೀಟರಿನ ಸ್ನೇಕ್ ಕೇಬಲ್ ಮೂಲಕವೇ ಅಳೆದೆ. ಎಂಟು ಮೈಕಿನ ವೈರ್ ಒಂದೇ ದಪ್ಪ ಕೇಬಲ್ಲಿನಲ್ಲಿ ಬರುತ್ತದಲ್ಲ, ಅದು. ಅಂಕಿಗಳು ಅರ್ಥವೇ ಆಗಲಿಲ್ಲ. ಒಂದರಿಂದ ನಾಲ್ಕಕ್ಕೆ, ಅಂದರೆ ಚಂಡೆಯ ಚಾನೆಲ್‌ನಿಂದ ಭಾಗವತರಿಗೆ, 8,000 ಹರ್ಟ್ಜಿನಲ್ಲಿ −52. ಕೆಳಗಿನ ಟೋನಿನಲ್ಲಿ ಏನೂ ಇಲ್ಲ. ಮೂರರಿಂದ ನಾಲ್ಕಕ್ಕೆ ಮಾತ್ರ ಕೆಳಗಿನದೇ ಜಾಸ್ತಿ.

ಆಗ ನೆನಪಾದದ್ದು ಗೇನ್ ನಾಬ್. ಸೋರಿಕೆ ಕಾಣುವ ಚಾನೆಲ್‌ನ ಗೇನ್ ತಿರುಗಿಸಿ ನೋಡಿ. ಸೋರಿಕೆಯೂ ಜೊತೆಗೆ ಏರಿ ಇಳಿದರೆ ಅದು ಪ್ರೀಆಂಪಿಗಿಂತ ಮೊದಲೇ, ಕೇಬಲ್ಲಿನಲ್ಲೋ ಪ್ಲಗ್ಗಿನಲ್ಲೋ ಸೇರಿಕೊಂಡಿದೆ. ಗೇನ್ ಎಷ್ಟೇ ತಿರುಗಿಸಿದರೂ ಸೋರಿಕೆ ಅಲ್ಲೇ ನಿಂತಿದ್ದರೆ ಅದು ಪ್ರೀಆಂಪಿನ ಆಮೇಲೆ, ಎಡಿಸಿಯ ಹತ್ತಿರ ಸೇರುತ್ತಿದೆ. ನನ್ನದರಲ್ಲಿ ‘ಚಿಟ್ ಚಿಟ್’ ನಾಬಿನ ಜೊತೆ ಏರಿತು. ‘ಧೀಂ’ ಕದಲಲಿಲ್ಲ. ರೋಗ ಎರಡು ಅಂತ ಆ ರಾತ್ರಿ ಗೊತ್ತಾಯಿತು.

ಬೆಳಿಗ್ಗೆ ಸ್ನೇಕ್ ಕೇಬಲ್ಲಿನ ನಾಲ್ಕನೇ ಪ್ಲಗ್ ಬಿಚ್ಚಿದೆ. ಮೂರನೇ ಪಿನ್ನಿನ ವೈರ್ ಬೆಸುಗೆಯಿಂದ ಬಿಟ್ಟು, ಪಿನ್ನಿಗೆ ತಾಗಿದ ಹಾಗೆ ಕಾಣುತ್ತಾ ಸುಮ್ನೆ ನಿಂತಿತ್ತು. ಉಗುರಿನಿಂದ ಮುಟ್ಟಿದೆ, ಅಲುಗಾಡಿತು. ಮೈಕಿನ ಸಂಕೇತ ಎರಡು ವೈರಿನಲ್ಲಿ ಒಂದಕ್ಕೊಂದು ಉಲ್ಟಾ ಬರುತ್ತದೆ. ಪಕ್ಕದಿಂದ ಸೇರುವ ಸದ್ದು ಮಾತ್ರ ಎರಡರಲ್ಲೂ ಒಂದೇ ಥರ ಇರುತ್ತದೆ. ಪ್ರೀಆಂಪ್ ಒಂದರಿಂದ ಇನ್ನೊಂದನ್ನು ಕಳೆದಾಗ ಸೇರಿದ್ದು ಹೋಗುತ್ತದೆ. ಒಂದು ವೈರ್ ತುಂಡಾದರೆ ಕಳೆಯುವುದಕ್ಕೆ ಏನಿದೆ? ಮೇಲಿನ ಸ್ವರಗಳು ವೈರಿನಿಂದ ವೈರಿಗೆ ಸುಲಭವಾಗಿ ದಾಟುತ್ತವೆ, ಅದಕ್ಕೇ ಚಂಡೆಕೋಲು. ಭಾಗವತರ ಚಾನೆಲ್‌ಗೆ ಎರಡು ವರ್ಷದಿಂದ ಬೇರೆಯವರಿಗಿಂತ 6 ಡೆಸಿಬಲ್ ಗೇನ್ ಜಾಸ್ತಿ ಕೊಡುತ್ತಿದ್ದೆ. ವಯಸ್ಸಾಯಿತು, ಸ್ವರ ಸಣ್ಣ ಆಗಿದೆ ಅಂದುಕೊಂಡಿದ್ದೆ. ಸ್ವರ ಇದ್ದ ಹಾಗೇ ಇತ್ತು. ಇಂಥ ಮೈಕಿನಲ್ಲಿ ಒಂದು ವೈರ್ ಬಿಟ್ಟರೆ ಮಟ್ಟ ಅರ್ಧಕ್ಕೆ ಇಳಿಯುತ್ತದೆ, ಅರ್ಧ ಅಂದರೆ ಹೆಚ್ಚುಕಡಿಮೆ 6 ಡೆಸಿಬಲ್. ನಿಮ್ಮ ಯಾವುದಾದರೂ ಒಂದು ಲೈನ್ ಯಾವಾಗಲೂ ಅಷ್ಟೇ ಜಾಸ್ತಿ ಗೇನ್ ಕೇಳುತ್ತಿದ್ದರೆ ಪ್ಲಗ್ ಬಿಚ್ಚಿ ನೋಡಿ.

ಎರಡು ಹೊಸ ಪ್ಲಗ್, 360 ರೂಪಾಯಿ. −52 ಇದ್ದದ್ದು −88ಕ್ಕೆ ಇಳಿಯಿತು.

ಉಳಿದದ್ದು ‘ಧೀಂ’. ಸ್ನೇಕ್ ಪೂರ್ತಿ ತೆಗೆದು, ಮೊಬೈಲಿನಿಂದ ನೇರ ಡಬ್ಬಿಗೆ. ಮೂರರಿಂದ ನಾಲ್ಕಕ್ಕೆ 120 ಹರ್ಟ್ಜಿನಲ್ಲಿ −47, 1,000ದಲ್ಲಿ −65, 8,000ದಲ್ಲಿ −83. ನಾಲ್ಕರಿಂದ ಮೂರಕ್ಕೂ ಹೆಚ್ಚುಕಡಿಮೆ ಅದೇ. ಬೇರೆ ಯಾವ ಜೋಡಿಯಲ್ಲೂ −90ಕ್ಕಿಂತ ಮೇಲೆ ಏನೂ ಇಲ್ಲ. ಈ ಮೂರು ಅಂಕಿಗಳನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ. ಆವರ್ತನ ಸುಮಾರು ಎಂಟು ಪಟ್ಟು ಏರಿದಾಗ ಪ್ರತಿ ಸಲ 18 ಡೆಸಿಬಲ್ ಇಳಿದಿದೆ. 18 ಡೆಸಿಬಲ್ ಅಂದರೆ ಎಂಟನೇ ಒಂದು ಪಾಲು. ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿ ಭಾಗ) ಕೂಡ ಹೀಗೇ ನಡೆದುಕೊಳ್ಳುತ್ತದೆ, ಸ್ವರ ಮೇಲೆ ಹೋದಷ್ಟೂ ಅದರ ತಡೆ ಕಡಿಮೆ.

ಸಾಮಾನ್ಯವಾಗಿ ಬೋರ್ಡಿನ ಮೇಲಿನ ಪಕ್ಕಪಕ್ಕದ ತಾಮ್ರದ ಗೆರೆಗಳ ನಡುವೆ ಸೋರಿದರೆ ಇದಕ್ಕೆ ಉಲ್ಟಾ, ಮೇಲಿನ ಸ್ವರವೇ ಜಾಸ್ತಿ ಬರುತ್ತದೆ. ಕೆಳಗಿನದು ಜಾಸ್ತಿ ಬಂದರೆ ಎರಡು ಚಾನೆಲ್‌ಗೂ ಸೇರಿದ ಯಾವುದೋ ಒಂದು ಜಾಗದ ಕಡೆ ನೋಡಬೇಕು. ಎಷ್ಟೋ ಇಂಟರ್‌ಫೇಸ್‌ಗಳಲ್ಲಿ ಎಡಿಸಿ ಚಿಪ್ ಎರಡೆರಡು ಚಾನೆಲ್‌ಗೆ ಒಂದು ಇರುತ್ತದೆ. ಒಂದು-ಎರಡು ಒಂದರಲ್ಲಿ, ಮೂರು-ನಾಲ್ಕು ಇನ್ನೊಂದರಲ್ಲಿ. 5 ವೋಲ್ಟ್ ಮಾತ್ರ ಇರುವ ಕಡೆ ಸಂಕೇತ ಮೇಲೂ ಕೆಳಗೂ ತೂಗಲು 2.5 ವೋಲ್ಟಿನ ನಡು ಮಟ್ಟ ಒಂದು ಬೇಕು. ಆ ನಡು ಮಟ್ಟವನ್ನು ಎರಡೂ ಚಾನೆಲ್ ಹಂಚಿಕೊಳ್ಳುತ್ತವೆ, ಅದು ಅಲುಗಾಡದ ಹಾಗೆ ಹಿಡಿದಿಡುವುದು ಒಂದು ಕೆಪಾಸಿಟರ್. ಅದು ಸೊರಗಿದರೆ ಮೇಲಿನ ಸ್ವರಗಳಿಗಷ್ಟೇ ಹಿಡಿದು ನಿಲ್ಲುತ್ತದೆ, ಕೆಳಗಿನವಕ್ಕೆ ಆಗುವುದಿಲ್ಲ. ಆಗ ಮದ್ದಳೆಯ ಪ್ರತಿ ಪೆಟ್ಟಿಗೂ ನಡು ಮಟ್ಟವೇ ತೂಗುತ್ತದೆ, ಪಕ್ಕದ ಚಾನೆಲ್ ಅದನ್ನು ತನ್ನ ಸದ್ದು ಅಂದುಕೊಳ್ಳುತ್ತದೆ.

ಇದನ್ನೆಲ್ಲ ಬರೆದು, ಅಂಕಿ ಸಮೇತ, ಅದೇ ಸರ್ವಿಸ್ ಸೆಂಟರಿಗೆ ಕಳಿಸಿದೆ. ಈ ಸಲ ಎರಡೇ ದಿನಕ್ಕೆ ಉತ್ತರ ಬಂತು. ಹೌದು, ಬೋರ್ಡಿನ ದೋಷ ಇರಬಹುದು, ಬಿಡಿ ಭಾಗ ರಿಪೇರಿ ಮಾಡುವುದಿಲ್ಲ, ಪೂರ್ತಿ ಬೋರ್ಡ್ ಬದಲಿಸಬೇಕು. 14,500 ರೂಪಾಯಿ, ಜಿಎಸ್‌ಟಿ ಸೇರಿ 17,110. ಬೋರ್ಡ್ ಬರಲು ಆರರಿಂದ ಎಂಟು ವಾರ. ಅಂದರೆ ತಾಳಮದ್ದಳೆಯ ಕಾಲವೇ ಮುಗಿದಿರುತ್ತದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕುಮಟೆಯಲ್ಲಿ ಹಳೆಯ ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡುವವರು ಒಬ್ಬರಿದ್ದಾರೆ, ಮೇಳದವರ ಆಂಪ್ಲಿಫೈಯರ್ ಎಲ್ಲ ಅವರ ಕೈಯಲ್ಲೇ ಅಂತ ಮದ್ದಳೆಯವರು ಹೇಳಿದರು. ದೇವಿಮನೆ ಘಟ್ಟ ಇಳಿದರೆ ಅರವತ್ತು ಕಿಲೋಮೀಟರ್ ಆಸುಪಾಸು. ಎರಡು ಸಲ ಹೊರಟು ನಿಂತೆ. ಒಮ್ಮೆ ಘಟ್ಟದಲ್ಲಿ ಮಣ್ಣು ಕುಸಿದಿದೆ ಅಂತ ಸುದ್ದಿ ಬಂತು, ಇನ್ನೊಮ್ಮೆ ಅವರೇ ಊರಲ್ಲಿರಲಿಲ್ಲ. ಸೆಪ್ಟೆಂಬರ್ ಎರಡನೇ ವಾರ ಬಿಸಿಲು ಬಿದ್ದ ದಿನ ಬಸ್ಸು ಹತ್ತಿದೆ. ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಸಣ್ಣ ಅಂಗಡಿ, ಗೋಡೆ ತುಂಬಾ ಸ್ಪೀಕರ್. ಅವರು ನನ್ನ ಅಂಕಿಗಳ ಕಾಗದವನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು.

“ಇದು ನೀವೇ ಅಳೆದದ್ದಾ?”

“ಹೌದು.”

“ಹಾಗಾದರೆ ನನ್ನ ಕೆಲಸ ಅರ್ಧ ಆಯ್ತು. ಚಹಾ ಕುಡೀರಿ.”

ಒಂಬತ್ತು ಸ್ಕ್ರೂ ತೆಗೆದು ಮುಚ್ಚಳ ಎತ್ತಿದರು. ಮೂರು-ನಾಲ್ಕನೇ ಚಾನೆಲ್‌ನ ಚಿಪ್ಪಿನ ಪಕ್ಕ ಅಕ್ಕಿ ಕಾಳಿನ ಎರಡರಷ್ಟು ದೊಡ್ಡ ಕೆಪಾಸಿಟರ್. ಟಾರ್ಚ್ ಹಿಡಿದು, ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಅದರ ಬುಡದಲ್ಲಿ ಹಸಿರು ಕಿಲುಬು. ಹಳೇ ತಾಮ್ರದ ಚೊಂಬಿನ ಕಂಠದಲ್ಲಿ ಹಿಡಿಯುತ್ತದಲ್ಲ, ಅದೇ ಬಣ್ಣ. ಒಳಗಿನ ದ್ರವ ಸೋರಿ ಕಾಲನ್ನು ತಿಂದಿತ್ತು, ಮೇಲೆ ನಮ್ಮ ಥಂಡಿ ಸೇರಿತ್ತು. ಚಿಮುಟಕ್ಕೆ ಸಿಕ್ಕಿದಾಗ ಒಂದು ಕಾಲು ತಾನಾಗಿ ಬಿಟ್ಟಿತು. ಮೀಟರಿಗೆ ಹಚ್ಚಿದರೆ 10 ಮೈಕ್ರೋಫ್ಯಾರಡ್ ಇರಬೇಕಾದದ್ದು ಅರ್ಧವೂ ತೋರಿಸಲಿಲ್ಲ.

“ಕರಾವಳಿಯಲ್ಲಿ ದಿನಾ ಇದೇ ನೋಡುವುದು ನಾವು. ಉಪ್ಪು ಗಾಳಿ. ನಿಮ್ಮಲ್ಲಿ ಉಪ್ಪಿಲ್ಲ, ಮಳೆ ಉಂಟಲ್ಲ” ಅಂದರು.

ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಟೂತ್‌ಬ್ರಷ್‌ನಿಂದ ಜಾಗವನ್ನು ಮೂರು ಸಲ ತೊಳೆದರು, ಬಿಸಿ ಗಾಳಿಯಲ್ಲಿ ಒಣಗಿಸಿದರು. ಗೆರೆ ಒಂದು ಕಡೆ ಸವೆದಿತ್ತು, ಅಲ್ಲಿ ಕೂದಲೆಳೆಯಷ್ಟು ತಂತಿ ಕೂಡಿಸಿದರು. ಹೊಸ ಕೆಪಾಸಿಟರ್ ಹಾಕಿದರು. ಉಳಿದ ಮೂರು ಜೋಡಿಯ ಅದೇ ಜಾಗದ ಕೆಪಾಸಿಟರುಗಳನ್ನೂ ಬದಲಿಸಿ ಅಂತ ನಾನೇ ಕೇಳಿಕೊಂಡೆ. ಒಟ್ಟು 500 ರೂಪಾಯಿ ತಗೊಂಡರು, ಜಾಸ್ತಿ ಕೊಡಲು ಹೋದರೆ ಬೇಡವೇ ಬೇಡ ಅಂದರು. ಕೊರಿಯರ್, ಪರೀಕ್ಷೆ, ಪ್ಲಗ್, ಬಸ್ಸು, ಆಲ್ಕೋಹಾಲ್ ಬಾಟ್ಲಿ ಎಲ್ಲ ಸೇರಿ ನನಗೆ ಆದ ಖರ್ಚು 3,600 ರೂಪಾಯಿ ಚಿಲ್ಲರೆ. ಡಬ್ಬಿ ವಾರಂಟಿಯಲ್ಲಿ ಇದ್ದಿದ್ದರೆ ನಾನು ಬಿಚ್ಚಿಸುತ್ತಿರಲಿಲ್ಲ. ಬಿಚ್ಚಿದರೆ ವಾರಂಟಿ ಹೋಗುತ್ತದೆ, ಅದನ್ನು ನೋಡಿಕೊಳ್ಳಿ.

ಮನೆಗೆ ಬಂದವನು ಕೂಡಲೇ ಅಳೆಯಲಿಲ್ಲ. ಒಂದು ವಾರ ದಿನಾ ನಾಲ್ಕು ಗಂಟೆ ಆನ್ ಮಾಡಿಟ್ಟೆ, ಬಿಸಿಯಾಗಿ ತಣ್ಣಗಾಗಿ ಮತ್ತೆ ಕೈಕೊಡುವುದೋ ನೋಡಬೇಕಿತ್ತು. ಮೊನ್ನೆ ಭಾನುವಾರ ಅಳೆದೆ. 120ರಲ್ಲಿ −96, 1,000ದಲ್ಲಿ −101, 8,000ದಲ್ಲಿ −94. ಈಗ ಡಬ್ಬಿಯನ್ನು ಅಟ್ಟದ ಮೇಲೆ ಇಡುವುದಿಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್. ನೀಲಿ ಹೋಗಿ ಗುಲಾಬಿ ಆದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.

ಜೂನ್‌ನ ಆ ರೆಕಾರ್ಡಿಂಗ್ ಏನಾಯಿತು ಅಂತ ಕೇಳಿದರೆ, ಅದಕ್ಕೂ ಒಂದು ದಾರಿ ಸಿಕ್ಕಿತು. ಸೋರಿಕೆ ಅದೇ ಕ್ಷಣದ್ದು, ಎಷ್ಟು ಅಂತಲೂ ಈಗ ಗೊತ್ತಿದೆ. ಹಾಗಾಗಿ ಅಷ್ಟನ್ನೇ ಕಳೆಯಬಹುದು. ಮದ್ದಳೆಯ ಚಾನೆಲ್‌ನ ಒಂದು ಪ್ರತಿ ಮಾಡಿ, ಆಕ್ಟೇವಿಗೆ (ಆವರ್ತನ ಎರಡು ಪಟ್ಟಾದಾಗಲೆಲ್ಲ) 6 ಡೆಸಿಬಲ್ ಇಳಿಯುವ ಲೋ-ಪಾಸ್ ಫಿಲ್ಟರನ್ನು, ಅಂದರೆ ಮೇಲಿನ ಸ್ವರಗಳನ್ನು ತಗ್ಗಿಸುವ ಸೋಸುಕವನ್ನು, 20 ಹರ್ಟ್ಜಿಗೆ ಇಟ್ಟು, 120 ಹರ್ಟ್ಜಿನಲ್ಲಿ −47 ಆಗುವಷ್ಟು ಮಟ್ಟ ಇಳಿಸಿ, ಉಲ್ಟಾ ಮಾಡಿ ಭಾಗವತರ ಚಾನೆಲ್‌ಗೆ ಕೂಡಿಸಿದೆ. ಪೂರ್ತಿ ಹೋಗಲಿಲ್ಲ, ಗಾಳಿಯಲ್ಲಿ ಬಂದದ್ದು ಇದ್ದೇ ಇದೆ. ಆದರೆ ಬುಡದ ಆ ಗುಡುಗು ಇಳಿಯಿತು.

ನಿನ್ನೆ ಸಂಜೆ ಭಾಗವತರ ಮನೆಗೆ ಹೋಗಿ ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಪದ್ಯ ಮುಗಿಯುವವರೆಗೂ ಕೇಳಿದರು. ಬಲಗೈ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಹೆಡ್‌ಫೋನ್ ತೆಗೆದು, “ಈಗ ನನ್ನ ಸ್ವರ ಒಂದೇ ಇದ್ದು” ಅಂದರು. ಇನ್ನೊಂದು ಸಲ ಹಾಕು ಅಂದರು.